ಹ್ಯಾಕಿಂಗ್‌ನಲ್ಲಿ ನಿಜವಾಗಿ ಏನು ನಡೆಯುತ್ತದೆ? ಅದು ಯಾವಾಗ ತಪ್ಪು?

ಹ್ಯಾಕಿಂಗ್‌ನ ಬಹುಪಾಲು ತಾಳ್ಮೆಯ ಕೆಲಸ: ವ್ಯವಸ್ಥೆ ಕಟ್ಟಿದವರು ಏನನ್ನು ಮರೆತಿದ್ದಾರೆ ಎಂದು ಹುಡುಕುತ್ತಾ ಹೋಗುವುದು. 2016ರಲ್ಲಿ ಬೆಂಗಳೂರಿನ ಭದ್ರತಾ ಸಂಶೋಧಕ ಆನಂದ್ ಪ್ರಕಾಶ್ ಫೇಸ್‌ಬುಕ್‌ನಲ್ಲಿ ಪತ್ತೆ ಹಚ್ಚಿದ ದೋಷವನ್ನೇ ನೋಡಿ. ಪಾಸ್‌ವರ್ಡ್ ಮರೆತವರ ಮೊಬೈಲಿಗೆ ಆರು ಅಂಕಿಯ ಸಂಕೇತ ಬರುತ್ತದೆ. ಆರು ಅಂಕಿಯೆಂದರೆ ಹತ್ತು ಲಕ್ಷ ಸಾಧ್ಯತೆಗಳು. ಕಂಪ್ಯೂಟರಿಗೆ ಅದೇನೂ ದೊಡ್ಡ ಸಂಖ್ಯೆಯಲ್ಲ. ಅದಕ್ಕೆಂದೇ ಮುಖ್ಯ ತಾಣದಲ್ಲಿ ಕೆಲವು ಸಲ ತಪ್ಪಿದರೆ ತಡೆ ಬೀಳುತ್ತಿತ್ತು. ಹೊಸ ಸೌಲಭ್ಯಗಳನ್ನು ಮೊದಲು ಪರೀಕ್ಷಿಸುವ ಬೀಟಾ ತಾಣದಲ್ಲಿ ಮಾತ್ರ ಆ ತಡೆ ಇರಲಿಲ್ಲ. ಸಂಕೇತಗಳನ್ನು ಒಂದೊಂದಾಗಿ ಪ್ರಯತ್ನಿಸುತ್ತಾ ಹೋಗಿ ಯಾರ ಖಾತೆಯನ್ನಾದರೂ ವಶಪಡಿಸಿಕೊಳ್ಳಬಹುದಿತ್ತು! ಆನಂದ್ ತಮ್ಮದೇ ಖಾತೆಯ ಮೇಲೆ ಪ್ರಯೋಗಿಸಿ ಕಂಪನಿಗೆ ತಿಳಿಸಿದರು. ದೋಷ ಸರಿಹೋಯಿತು, 15,000 ಡಾಲರ್ ಬಹುಮಾನವೂ ಬಂತು.

ಇದೇ ದೋಷ ಬಳಸಿ ಬೇರೆಯವರ ಖಾತೆ ತೆರೆದಿದ್ದರೆ? ‘ಸುಮ್ಮನೆ ಇಣುಕಿದೆ’ ಎಂಬ ಸಮರ್ಥನೆಯನ್ನು ನಾನಂತೂ ಒಪ್ಪುವುದಿಲ್ಲ. ಅಲ್ಲಿರುವುದು ಒಬ್ಬರ ಖಾಸಗಿ ಮಾತು, ಮಕ್ಕಳ ಫೋಟೊ. ಅನುಮತಿಯಿಲ್ಲದ ಪ್ರವೇಶ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಸೆಕ್ಷನ್ 43ರ ಉಲ್ಲಂಘನೆ. ಅಪ್ರಾಮಾಣಿಕ ಉದ್ದೇಶವಿದ್ದರೆ ಸೆಕ್ಷನ್ 66ರಡಿ 3 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಕಲಿಯುವ ಆಸೆಯಿದ್ದರೆ ದೋಷ ತಿಳಿಸಿದವರಿಗೆ ಬಹುಮಾನ ಕೊಡುವ ಕಂಪನಿಗಳ ನಿಯಮಗಳನ್ನು ಪೂರ್ತಿ ಓದಿ, ಸ್ವಂತ ಖಾತೆಯಲ್ಲೇ ಪರೀಕ್ಷಿಸಿ.