ಉಸಿರು ಬಿಟ್ಟು ಮಾತಾಡಿ, ತಂಗೀ

ಸದಾಶಿವಗಡದ ಓದುಗರೊಬ್ಬರ ಪತ್ರ: “ಕಾರವಾರದಲ್ಲಿ ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೇನೆ. ಮನೆಮಾತು ಕೊಂಕಣಿ, ಏಳನೆಯವರೆಗೆ ಕನ್ನಡ ಶಾಲೆ. ಫೋನಿನಲ್ಲಿ ಅಮೆರಿಕದ ಗ್ರಾಹಕರು ಮಾತುಮಾತಿಗೂ ‘ಸಾರಿ?’ ಅನ್ನುತ್ತಾರೆ, ಪಕ್ಕದ ಸೀಟಿನವರು ನಗುತ್ತಾರೆ. ಒಂದೂವರೆ ತಿಂಗಳಲ್ಲಿ ಅಮೆರಿಕನ್ ಆಕ್ಸೆಂಟ್ ಕಲಿಸುವ ಕ್ಲಾಸಿಗೆ 18,000 ರೂಪಾಯಿ ಕಟ್ಟಲೇ? ನನ್ನ ಹೆಸರೂ ಅವರ ಬಾಯಲ್ಲಿ ತಿರುಗುವುದಿಲ್ಲ, ಮೊಟಕು ಮಾಡಿಕೊಳ್ಳಲೇ?”

ಕಟ್ಟಬೇಡಿ. ಆ ದುಡ್ಡಿನ ಮೊದಲ ಪಾಠ ನಿಮ್ಮ ಒಂದನೇ ಕ್ಲಾಸಿನ ಅಕ್ಷರಮಾಲೆಯಲ್ಲೇ ಆಗಿಹೋಗಿದೆ.

ಹೇಗೆಂದು ನನ್ನ ಫಜೀತಿಯಿಂದಲೇ ಹೇಳುತ್ತೇನೆ. ಸುಮಾರು ವರ್ಷದ ಹಿಂದೆ ಗೋಕರ್ಣದ ಓಂ ಬೀಚಿನ ಮೇಲ್ಗಡೆ ಇಂಗ್ಲೆಂಡಿನ ಗಂಡಹೆಂಡತಿ ಕಾರು ನಿಲ್ಲಿಸುತ್ತಿದ್ದರು. ಉಪಕಾರ ಮಾಡುವ ಹುಮ್ಮಸ್ಸಿನಲ್ಲಿ “ನೋ ಪಾರ್ಕಿಂಗ್ ಹಿಯರ್” ಅಂದೆ. ಆ ಹೆಂಗಸು ಸುತ್ತ ಮಲಗಿದ್ದ ಬೀದಿನಾಯಿಗಳನ್ನು ನೋಡಿ, ಹೌದು, ಪಾಪ, ಬಹಳ ಸಾಧು ಇವು ಅಂದರು. ನಾನು ಹೇಳಿದ ‘ಪಾರ್ಕಿಂಗ್’ ಅವರಿಗೆ ‘ಬಾರ್ಕಿಂಗ್’ ಆಗಿತ್ತು.

ತಪ್ಪು ಅವರ ಕಿವಿಯದ್ದಲ್ಲ. ಇಂಗ್ಲಿಷಿನವರು ಪದದ ಮೊದಲಿಗೆ ಬರುವ ಪ, ಟ, ಕಗಳನ್ನು ಉಸಿರು ಸೇರಿಸಿ ಹೇಳುತ್ತಾರೆ. ಆ ಉಸಿರಿಲ್ಲದ ನಮ್ಮ ‘ಪ’ ಅವರ ಕಿವಿಗೆ ‘ಬ’ದ ಹತ್ತಿರ ಹೋಗುತ್ತದೆ. ಅವರಿಗೆ ಬೇಕಾದದ್ದು ನಮ್ಮ ಮಹಾಪ್ರಾಣ. ಕಾರ್ ಅಂದರೆ ‘ಖಾರ್’, ಟೈಮ್ ಅಂದರೆ ಹೆಚ್ಚುಕಡಿಮೆ ‘ಠೈಮ್’. ತಮಾಷೆ ಅಂದರೆ ಬರೆಯುವಾಗ ಅವರಲ್ಲಿ ಇದಕ್ಕೆ ಬೇರೆ ಅಕ್ಷರವೇ ಇಲ್ಲ, ಹಾಗಾಗಿ ತಾವು ಉಸಿರು ಬಿಡುತ್ತೇವೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೂ ಇಲ್ಲ. ಬಾಯೆದುರು ಒಂದು ಕಾಗದದ ಚೂರು ಹಿಡಿದು ‘ಪಿನ್’ ಅನ್ನಿ. ಕಾಗದ ಹಾರಬೇಕು. ‘ಸ್ಪಿನ್’ ಅನ್ನುವಾಗ ಹಾರಬಾರದು. ಸಕಾರದ ಬೆನ್ನಿಗೆ ಬಂದರೆ ಅವರೂ ಉಸಿರು ಬಿಡುವುದಿಲ್ಲ, ಅಲ್ಲಿ ನಮ್ಮ ಬರೀ ಪಕಾರವೇ ಸರಿ. ಒಂದೇ ಎಚ್ಚರ: ತುಟಿ ಪೂರ್ತಿ ಮುಚ್ಚಿ ತೆರೆಯಬೇಕು. ‘ಫಲ’ವನ್ನು ಫ್ಯಾನಿನ ಹಾಗೆ ಹಲ್ಲು ತಾಗಿಸಿ ಹೇಳುವುದು ನಮ್ಮ ಈಗಿನ ಚಟ, ಅದು ಇಲ್ಲಿ ನಡೆಯದು.

ನಮ್ಮ ಕಡೆ ಆಡುಮಾತಿನಲ್ಲಿ ಮಹಾಪ್ರಾಣ ಉಳಿದಿರುವುದು ಅಷ್ಟಕ್ಕಷ್ಟೇ ಎಂದು ನೀವು ಹೇಳಬಹುದು, ನಿಜ. ಹಾಗಿದ್ದರೆ ಊರಿಗೆ ಬಂದಾಗ ಒಂದು ತಾಳಮದ್ದಳೆಗೆ, ಅಂದರೆ ವೇಷವಿಲ್ಲದೆ ಮಾತಿನಲ್ಲೇ ನಡೆಯುವ ಯಕ್ಷಗಾನಕ್ಕೆ, ಹೋಗಿ ಕೂರಿ. ಭೀಮನನ್ನು ‘ಬೀಮ’ ಮಾಡಿದ ಅರ್ಥಧಾರಿಯನ್ನು ನಮ್ಮ ಪ್ರೇಕ್ಷಕರು ಬಿಟ್ಟಾರೆಯೇ?

ಎರಡನೆಯದು ಒತ್ತು, ಒತ್ತಕ್ಷರವಲ್ಲ, ದನಿಯ ಒತ್ತು. ಇದರಲ್ಲಿ ನಿಮಗೆ ನಿಜವಾದ ಕಷ್ಟವಿದೆ. ಕನ್ನಡ ಓದುವಾಗ ನಾವು ಪಂಕ್ತಿಯಲ್ಲಿ ಬಡಿಸಿದಂತೆ ಎಲ್ಲ ಅಕ್ಷರಕ್ಕೂ ಸಮ ಪಾಲು ಕೊಡುತ್ತೇವೆ. ಇಂಗ್ಲಿಷ್ ಪಕ್ಷಪಾತಿ. ಒಂದು ಕಡೆ ಎತ್ತಿ ಹೇಳಿ ಉಳಿದದ್ದನ್ನು ನುಂಗುತ್ತದೆ. ‘ಫೋಟೋಗ್ರಾಫ್’ ಅನ್ನುವಲ್ಲಿ ಒತ್ತು ಮೊದಲಿಗೆ. ‘ಫೋಟೋಗ್ರಫಿ’ಯಲ್ಲಿ ಅದು ಎರಡನೆಯದಕ್ಕೆ ಹಾರಿ, ಪದ ‘ಫಟಾಗ್ರಫಿ’ ಆಗುತ್ತದೆ. ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ ಹೋಗಿ ‘ಗ್ರ್ಯಾ’ ಎದ್ದು ನಿಲ್ಲುತ್ತದೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಮೊದಲಿಗೆ, ಕ್ರಿಯಾಪದವಾದರೆ ಕೊನೆಗೆ. ‘ಡೆವಲಪ್’ ಎಂದು ಮೊದಲ ಅಕ್ಷರಕ್ಕೆ ಗುದ್ದುವ ನಮ್ಮ ಅಭ್ಯಾಸ ಬಿಡಬೇಕು, ಒತ್ತು ನಡುವಿನ ‘ವೆ’ಗೆ. ನಿಮ್ಮ ಗ್ರಾಹಕರು ‘ಸಾರಿ?’ ಅನ್ನುವುದರಲ್ಲಿ ಅರ್ಧ ಇದರಿಂದಲೇ ಎಂದು ನನ್ನ ಅಂದಾಜು. ನುಂಗುವುದು ನಮಗೇನು ಹೊಸದಲ್ಲ, ‘ಹೋಗುತ್ತೇನೆ’ಯನ್ನು ಆಡುಮಾತಿನಲ್ಲಿ ‘ಹೋಗ್ತೆ’ ಅಂತ ಮುಗಿಸುವವರು ನಾವು. ದಿನಾ ಅರ್ಧ ನಿಮಿಷದ ಒಂದು ಇಂಗ್ಲಿಷ್ ವಾರ್ತೆ ಕೇಳಿ, ಅದನ್ನೇ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೊದಲ ವಾರ ನಿಮ್ಮ ದನಿ ನಿಮಗೇ ಹೇಸಿಗೆಯಾಗುತ್ತದೆ, ಬಿಡಬೇಡಿ.

ಉಳಿದದ್ದು ಚಿಲ್ಲರೆ. ‘ವೆಸ್ಟ್’ ಎರಡಿವೆ: ತೊಡುವ ವೆಸ್ಟಿಗೆ ಹಲ್ಲು ಕೆಳತುಟಿಗೆ ತಾಗಬೇಕು, ದಿಕ್ಕಿನ ವೆಸ್ಟಿಗೆ ತುಟಿ ಗುಂಡಗಾಗಬೇಕು. ಬಸ್ಸು, ಬ್ಯಾಂಕುಗಳ ಬಾಲದ ಉಕಾರ ಕಾರವಾರಕ್ಕೇ ಇರಲಿ. ‘ಝೀರೋ’, ‘ಝೂ’ಗಳ ಸದ್ದಿಗೆ ಕನ್ನಡ ಮನೆಮಾತಿನವರು ಒದ್ದಾಡುತ್ತಾರೆ, ನಿಮಗೆ ಅದು ಹುಟ್ಟಿನಿಂದ ಇದೆ: ಬೇಕು ಎನ್ನಲು ‘ಜಾಯ್’ ಅನ್ನುತ್ತೀರಲ್ಲ, ಆ ಜಕಾರದ ನೆರೆಯದ್ದೇ. ಗೋವಾದಲ್ಲಿ ರೋಮನ್ ಲಿಪಿಯಲ್ಲಿ ಕೊಂಕಣಿ ಬರೆಯುವವರು ಆ ಪದವನ್ನು ಝಡ್ ಹಾಕಿಯೇ ಬರೆಯುತ್ತಾರೆ.

‘ಥ್ಯಾಂಕ್ಸ್’ಗೆ ನಾಲಿಗೆ ಹೊರಗೆ ಹಾಕುವ ಸರ್ಕಸ್ಸಿಗೆ ಮಾತ್ರ ಸಮಯ ಕಳೆಯಬೇಡಿ. ಬೇರೆ ಬೇರೆ ದೇಶದವರು ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡುವಾಗ ಎಲ್ಲಿ ಮುಗ್ಗರಿಸುತ್ತಾರೆಂದು ನೋಡಿದ ಭಾಷಾವಿಜ್ಞಾನಿ ಜೆನ್ನಿಫರ್ ಜೆಂಕಿನ್ಸ್ 2000ದಲ್ಲಿ ಒಂದು ಪಟ್ಟಿ ಕೊಟ್ಟರು. ಪ, ಟ, ಕಗಳ ಉಸಿರು, ಸ್ವರದ ಹ್ರಸ್ವ-ದೀರ್ಘ ಬೇಕೇ ಬೇಕು. ಈ ‘ಥ’ ಇಲ್ಲದಿದ್ದರೂ ನಡೆಯುತ್ತದೆ ಎಂದರು. ಹ್ರಸ್ವ-ದೀರ್ಘ ಕನ್ನಡ ಶಾಲೆಯಲ್ಲಿ ಓದಿದ ನಿಮಗೆ ಹೇಳಿಕೊಡಬೇಕೇ! ಕೆನಡಾದಲ್ಲಿ ಮುನ್ರೊ ಮತ್ತು ಡರ್ವಿಂಗ್ ಎಂಬ ಸಂಶೋಧಕರು 1995ರಲ್ಲಿ ಚೀನೀ ಮಾತೃಭಾಷೆಯವರ ಇಂಗ್ಲಿಷನ್ನು ಅಲ್ಲಿಯವರಿಗೆ ಕೇಳಿಸಿದಾಗ, ‘ಇವರ ಆಕ್ಸೆಂಟ್ ವಿಪರೀತ’ ಎಂದವರೇ ಎಷ್ಟೋ ಸಲ ಹೇಳಿದ್ದನ್ನು ಪೂರ್ತಿ ಸರಿಯಾಗಿ ಬರೆದುಕೊಟ್ಟರು. ಧಾಟಿ ಬೇರೆಯಾಗಿರುವುದು ಒಂದು, ಅರ್ಥವಾಗದೆ ಇರುವುದು ಇನ್ನೊಂದು. ನೀವು ರಿಪೇರಿ ಮಾಡಬೇಕಾದದ್ದು ಎರಡನೆಯದನ್ನು. ಪಕ್ಕದ ಸೀಟಿನವರ ನಗುವಿಗೆ ಕ್ಲಾಸಿನಲ್ಲೂ ಮದ್ದಿಲ್ಲ. ಅವರ ‘ಪಾರ್ಕಿಂಗ್’ ಹೇಗಿದೆ ಎಂದು ಕಾಗದ ಹಿಡಿದು ನೋಡಿ.

ಇನ್ನು ಹೆಸರು. ಮೊಟಕು ಮಾಡಬೇಡಿ. ನಿಧಾನ ಬಿಡಿಸಿ ಎರಡು ಸಲ ಹೇಳಿ, ಅವರು ಅರ್ಧಂಬರ್ಧ ಹೇಳಿದರೂ ‘ಹೂಂ’ ಅನ್ನಿ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ನಮ್ಮ ಕುಮಟಾ ಬಂದರಿನಿಂದ ಹತ್ತಿ ಸಾಗಿಸುತ್ತಿದ್ದಾಗ ಊರಿನ ಹೆಸರನ್ನು ‘ಕೂಂಪ್ಟಾ’ ಎಂದು ಬರೆದುಕೊಂಡರು. ಇಲ್ಲದ ಪಕಾರ ಒಂದನ್ನು ನಡುವೆ ತುರುಕಿದ್ದಕ್ಕೆ ಅವರನ್ನು ಯಾರೂ ಕ್ಲಾಸಿಗೆ ಕಳಿಸಲಿಲ್ಲ, ಹತ್ತಿಯೂ ನಿಲ್ಲಲಿಲ್ಲ.

— ಸಂ.