ಗ್ರೂಪ್ ಮುಚ್ಚೋಕೆ ಆಗ್ತಿಲ್ಲ ಮೇಡಂ

ಮೊದಲೇ ಹೇಳ್ಬಿಡ್ತೀನಿ, ನಾನು ಆಪ್ತಸಲಹೆಗಾರ್ತಿ, ಇದು ನನ್ನ ಹತ್ರ ಬಂದ ಒಬ್ಬರ ಕೇಸು, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಬರೆದಿದ್ದನ್ನ ಅವರಿಗೆ ಓದಿಸಿದೀನಿ ಕೂಡ. ಗುರುತು ಸಿಗೋ ಅಂಥದ್ದನ್ನೆಲ್ಲ ಬದಲಾಯ್ಸಿದೀನಿ. ಹೆಸರು ಬೇಡ, ಅವರ ಬಳಗದೋರು ಕರೀತಿದ್ದ ಹಾಗೇ ಮೇಷ್ಟ್ರು ಅಂತೀನಿ. ಪಾಠ ಮಾಡೋ ಮೇಷ್ಟ್ರಲ್ಲ, ಕೆಲಸ ಇರೋದು ಇನ್ಶೂರೆನ್ಸ್‌ನಲ್ಲಿ, ಆದ್ರೆ ಟ್ರೆಕ್ ಶುರು ಮಾಡೋ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಸಿ ಒಂದು, ಎರಡು, ಮೂರು ಅಂತ ಎಣಿಸ್ತಿದ್ರಂತೆ, ಅದಕ್ಕೆ ಬಿದ್ದ ಹೆಸರು.

ವಯಸ್ಸು 54, ಬೆಂಗಳೂರು. ಕರ್ಕೊಂಡು ಬಂದಿದ್ದು ಹೆಂಡ್ತಿ. ನಿದ್ದೆ ಇಲ್ಲ, ಬಿಪಿ ಮಾತ್ರೆ ಡೋಸ್ ಒಂದೇ ವರ್ಷದಲ್ಲಿ ಎರಡು ಸಲ ಜಾಸ್ತಿ ಆಗಿದೆ, ಮನೇಲಿ ಮಾತು ಕಮ್ಮಿ. ಮಾತು ಶುರು ಮಾಡಿದ್ದೂ ಹೆಂಡ್ತಿನೇ, "ಎಂಟು ತಿಂಗಳಿಂದ ಗ್ರೂಪ್ ಮುಚ್ತೀನಿ ಮುಚ್ತೀನಿ ಅಂತಾರೆ, ಮುಚ್ಚಲ್ಲ. ದಿನಾ ರಾತ್ರಿ ಮೆಂಬರ್ಸ್ ಲಿಸ್ಟ್ ತೆಗೆದು ನೋಡ್ಕೊಂಡು ಕೂತಿರ್ತಾರೆ. ನನಗೆ ಸವತಿ ಇದ್ದ ಹಾಗಿತ್ತು ಮೇಡಂ ಅದು, ಆದ್ರೂ ಈಗ ಹೋಗ್ಲಿ ಬಿಡಿ ಅನ್ನೋಕೆ ನನಗೇ ಮನಸ್ಸು ಬರಲ್ಲ." ಮೇಷ್ಟ್ರು ಪಕ್ಕದಲ್ಲಿ ಕೂತು ಕ್ಯಾಪ್ ಮಡಚ್ತಾ ಇದ್ರು.

ಗ್ರೂಪಿನ ಕತೆ ಇಷ್ಟು. 2006ರಲ್ಲಿ ಗೂಗಲ್‌ನ ಆರ್ಕುಟ್ ಅನ್ನೋ ಸೋಶಿಯಲ್ ಸೈಟಲ್ಲಿ ಒಂದು ಕಮ್ಯುನಿಟಿ ಅಂತ ಶುರುವಾಯ್ತು, ಊರು ಸುತ್ತೋ ಹುಚ್ಚಿರೋ ಹತ್ತು ಹದಿನೈದು ಜನ. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು, ಬೆಳಗ್ಗೆ ಕುಕ್ಕೆ, ಕುಮಾರಪರ್ವತ ಹತ್ತೋ ದಾರೀಲಿ ಭಟ್ರ ಮನೇಲಿ ಅನ್ನ ಸಾಂಬಾರು ಮಜ್ಜಿಗೆ. ಮುಳ್ಳಯ್ಯನಗಿರಿ, ಕುದುರೆಮುಖ, ಮಳೆಗಾಲ ಆದ್ರೆ ಇಂಬಳಕ್ಕೆ ಉಪ್ಪು ಸುಣ್ಣ ಕಟ್ಕೊಂಡು ಹೋಗೋದು. ಆಮೇಲೆ ಹಂಪಿ, ಬಾದಾಮಿ, ಅಲ್ಲಿಂದ ಹಿಮಾಲಯದವರೆಗೂ ಹೋದ್ರು. ಎರಡು ಮದುವೆ ಆಗಿವೆ ಆ ಗ್ರೂಪಿಂದಲೇ. 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿದಾಗ ವಾಟ್ಸಾಪ್‌ಗೆ ಬಂದ್ರು, ಆಗ ಒಂದು ಗ್ರೂಪಿಗೆ 50 ಜನ ಅಷ್ಟೇ, ಅದೇ ವರ್ಷ ಕೊನೇಲಿ 100, 2016ರಲ್ಲಿ ಲಿಮಿಟ್ 256 ಆಯ್ತು, ಒಂದು ಟೈಮಲ್ಲಿ ಇವರ ಗ್ರೂಪ್ ಸೇರೋಕೆ ಕ್ಯೂ ಇತ್ತಂತೆ, ಯಾರಾದ್ರೂ ಬಿಟ್ರೆ ಇನ್ನೊಬ್ಬರಿಗೆ ಸೀಟು.

ಈಗ? ಈಗ ಗುಡ್ ಮಾರ್ನಿಂಗ್, ಹಬ್ಬದ ವಿಶಸ್ಸು, ಫಾರ್ವರ್ಡ್ ಆದ ರೀಲ್ಸು. ಟ್ರೆಕ್ ಹೋಗಿ ಎರಡು ವರ್ಷ ಆಗಿದೆ. ಯಾರ ತಪ್ಪೂ ಅಲ್ಲ. ವೀಕೆಂಡ್ ಟ್ರೆಕ್ ಕಂಪನಿಗಳು ಬೀದಿಗೊಂದು ಆಗಿವೆ, ದುಡ್ಡು ಕಟ್ಟಿದ್ರೆ ಟೆಂಪೋ ಟ್ರಾವೆಲರ್ ಬರತ್ತೆ, ಊಟ ಬರತ್ತೆ, ಗುರುತು ಪರಿಚಯ ಯಾಕೆ ಬೇಕು. 2024ರ ಜನವರಿಲಿ, ರಿಪಬ್ಲಿಕ್ ಡೇ ವೀಕೆಂಡಿಗೆ ಕುಮಾರಪರ್ವತದಲ್ಲಿ ಜನ ಸಾಲುಗಟ್ಟಿ ನಿಂತಿರೋ ವಿಡಿಯೋ ಬಂತಲ್ಲ, ಆಮೇಲೆ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಟ್ರೆಕ್‌ಗಳನ್ನ ನಿಲ್ಸ್ತು, ಮುಂದೆ ಒಂದು ದಾರಿಗೆ ದಿನಕ್ಕೆ 300 ಜನ ಅಂತ ಮಿತಿ ಹಾಕ್ತು. ಮೇಷ್ಟ್ರು ಆ ವಿಡಿಯೋ ನೋಡಿ, "ಮೆಜೆಸ್ಟಿಕ್ ಪ್ಲಾಟ್‌ಫಾರ್ಮ್ ತರ ಇತ್ತು ಮೇಡಂ, ಅವತ್ತೇ ಅನ್ನಿಸ್ತು ನಮ್ಮ ಕಾಲ ಮುಗೀತು ಅಂತ" ಅಂದ್ರು. ಜೊತೆಗೆ ಎರಡೂ ಮಂಡಿ ಸವೆದಿವೆ.

ಇಷ್ಟೆಲ್ಲ ಕೇಳಿದ್ಮೇಲೆ ಮೊದಲನೇ ಸೆಷನ್‌ನಲ್ಲಿ ನಾನು ಹೇಳಿದ್ದು, ಇನ್ನೊಬ್ಬರಿಗೆ ವಹಿಸಬಹುದಲ್ವಾ ಸರ್ ಅಂತ. ದಡ್ಡ ಸಲಹೆ. ಅವರು ಬೇಜಾರು ಮಾಡ್ಕೊಳ್ದೆ ಹೇಳಿದ್ರು, ಎರಡು ವರ್ಷ ಅದನ್ನೇ ಟ್ರೈ ಮಾಡಿದೀನಿ, ಒಬ್ಬರು ಆರು ತಿಂಗಳು ನಡೆಸಿ ಕೈಬಿಟ್ರು, ಇನ್ನೊಬ್ಬ ಹುಡುಗ ತಗೋತೀನಿ ಅಂದ, ಆದ್ರೆ ಅವನಿಗೆ ಬೇಕಿದ್ದಿದ್ದು ಗ್ರೂಪಿನ ಹೆಸರು, ಪ್ಯಾಕೇಜ್ ಮಾರೋಕೆ. ಕಷ್ಟ ಹೇಳ್ಕೊಂಡು ಬಂದೋರಿಗೆ ಮೊದಲನೇ ಗಂಟೇಲೇ ಪರಿಹಾರ ಕೊಡೋ ಚಟ ನನಗೆ ಇಷ್ಟು ವರ್ಷ ಆದ್ರೂ ಪೂರ್ತಿ ಹೋಗಿಲ್ಲ.

ಎರಡನೇ ಸೆಷನ್‌ನಲ್ಲಿ ಪಿಎಚ್‌ಕ್ಯೂ-9 ಮಾಡಿಸಿದೆ, ಖಿನ್ನತೆ ಎಷ್ಟಿದೆ ಅಂತ ನೋಡೋಕೆ ಒಂಬತ್ತು ಪ್ರಶ್ನೆಗಳು, ಒಟ್ಟು 27 ಅಂಕ. ಅವರಿಗೆ 9 ಬಂತು, ಅಂದ್ರೆ ಸೌಮ್ಯ ಮಟ್ಟದ ಮೇಲಂಚು, 10 ಮುಟ್ಟಿದ್ರೆ ಮಧ್ಯಮ. ಸಾಯೋ ಯೋಚನೆ ಬಗ್ಗೆ ಇರೋ ಕೊನೇ ಪ್ರಶ್ನೆಗೆ ಸೊನ್ನೆ. ಆದ್ರೂ ರಾತ್ರಿ ಹೊತ್ತು ತೀರಾ ಕಷ್ಟ ಆದ್ರೆ ಇರ್ಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್ 14416 ಇಬ್ಬರ ಫೋನಲ್ಲೂ ಸೇವ್ ಮಾಡಿಸ್ದೆ, ಬಿಪಿಗೆ ಅವರ ಡಾಕ್ಟರ್ ಹತ್ರಾನೇ ಹೋಗಿ ಅಂದೆ.

ಆಮೇಲೆ ಸೂತಕದ ಮಾತು ಬಂತು. ಅಮೆರಿಕದ ಕೆನೆತ್ ಡೋಕಾ ಅಂತ ಒಬ್ಬರು 1989ರಲ್ಲಿ ಒಂದು ವಿಚಾರ ಬರೆದ್ರು, ಕೆಲವು ದುಃಖಗಳನ್ನ ಸಮಾಜ ದುಃಖ ಅಂತಾನೇ ಒಪ್ಪಲ್ಲ, ಅದರಿಂದ ಆ ದುಃಖ ಪಡೋರಿಗೆ ಇಮ್ಮಡಿ ಭಾರ ಅಂತ. ನಮ್ಮ ಕಡೆ ಭಾಷೇಲಿ ಹೇಳಿದ್ರೆ ಸೂತಕ ಇಲ್ಲದ ದುಃಖ. ಮನೇಲಿ ಯಾರಾದ್ರೂ ಹೋದ್ರೆ ಜನ ಮಾತಾಡ್ಸೋಕೆ ಬರ್ತಾರೆ, ಪಕ್ಕದ ಮನೆಯೋರು ಅಡುಗೆ ಕಳಿಸ್ತಾರೆ, ಹದಿಮೂರು ದಿನ ಏನು ಮಾಡ್ಬೇಕು ಅಂತ ಯಾರೋ ಹೇಳ್ತಾರೆ. ಗ್ರೂಪ್ ಮುಚ್ಚಿದ್ರೆ? "ಅದಕ್ಕೆಲ್ಲ ಬೇಜಾರು ಮಾಡ್ಕೋತಾರೇನ್ರೀ" ಅಂತಾರೆ. ಇದನ್ನ ಹೇಳಿದಾಗ ಮೇಷ್ಟ್ರು ತಲೆ ಎತ್ತಿದ್ರು. "ಆರ್ಕುಟ್ ಹೋದಾಗ ಇಷ್ಟು ಆಗಿರ್ಲಿಲ್ಲ ಮೇಡಂ. ಆಗ ಗೂಗಲ್‌ನೋರು ಮುಚ್ಚಿದ್ರು, ಬೈಯೋಕೆ ಒಬ್ಬರಿದ್ರು. ಈಗ ನನ್ನ ಕೈಯಿಂದಾನೇ ಆಗ್ಬೇಕು."

ಕೈಯಿಂದಾನೇ ಅನ್ನೋದು ಅಕ್ಷರಶಃ ನಿಜ. ವಾಟ್ಸಾಪ್ ಗ್ರೂಪನ್ನ ಪೂರ್ತಿ ಅಳಿಸ್ಬೇಕು ಅಂದ್ರೆ ಅಡ್ಮಿನ್ ಒಬ್ಬೊಬ್ಬರನ್ನೇ ತೆಗೀಬೇಕು, ಕೊನೇಗೆ ತಾನು ಹೊರಗೆ ಬರ್ಬೇಕು. ಅವರು ಒಬ್ಬರನ್ನೂ ತೆಗೆದಿರ್ಲಿಲ್ಲ. ಲಿಸ್ಟ್ ತೆಗೀತಾರೆ, ಸ್ಕ್ರಾಲ್ ಮಾಡ್ತಾರೆ, ಒಂದು ಹೆಸರು ಬಂದ ತಕ್ಷಣ ಫೋನ್ ಮಗುಚಿ ಇಡ್ತಾರೆ. ಯಾವ ಹೆಸರು ಅಂತ ನಾನು ಕೇಳಿದ್ದು ನಾಲ್ಕನೇ ಸೆಷನ್‌ನಲ್ಲಿ.

2021ರ ಏಪ್ರಿಲ್, ಕೋವಿಡ್ ಎರಡನೇ ಅಲೆ. ಬೆಂಗಳೂರಲ್ಲಿದ್ದೋರಿಗೆ ಆ ದಿನಗಳನ್ನ ನೆನಪಿಸ್ಬೇಕಾಗಿಲ್ಲ. ಇವರ ಗ್ರೂಪು ಟೂರ್ ಬಿಟ್ಟು ಬೆಡ್ ಹುಡುಕೋ ಗ್ರೂಪ್ ಆಗಿತ್ತು, ಆಕ್ಸಿಜನ್ ಎಲ್ಲಿದೆ, ರೆಮ್ಡೆಸಿವಿರ್ ಔಷಧಿ ಎಲ್ಲಿದೆ, ಬೆಡ್‌ಗೆ ಬೇಕಿದ್ದ ರೋಗಿಯ ಬಿಯು ನಂಬರ್ ಬಂತಾ, ಬೆಡ್ ಸಹಾಯವಾಣಿ 1912 ಸಿಕ್ತಾ. ಅದರಲ್ಲಿ ಒಬ್ಬ ಹುಡುಗ, ಕ್ಯಾಮೆರಾ ಹುಚ್ಚು, ಎಲ್ಲಾ ಟ್ರೆಕ್‌ನಲ್ಲೂ ಹಿಂದೆ ಉಳಿಯೋನು. ಟ್ರೆಕ್‌ನಲ್ಲಿ ಎಲ್ಲರಿಗಿಂತ ಕೊನೇಗೆ ಬರೋರಿಗೆ ಸ್ವೀಪ್ ಅಂತಾರೆ, ಯಾರೂ ಹಿಂದೆ ಉಳಿಯದ ಹಾಗೆ ನೋಡ್ಕೊಳ್ಳೋದು ಅವರ ಕೆಲಸ. ಮೇಷ್ಟ್ರು ಯಾವಾಗ್ಲೂ ಸ್ವೀಪು, ಹಾಗಾಗಿ ಅವನ ಜೊತೆ ನಡೆದಷ್ಟು ಬೇರೆ ಯಾರ ಜೊತೆನೂ ನಡೆದಿಲ್ಲ. ಗ್ರೂಪಲ್ಲಿ ಅವನ ಕೊನೇ ಮೆಸೇಜು "ಸರ್ ಬೆಡ್ ಸಿಕ್ತಾ". ಸಿಗಲಿಲ್ಲ. ಅವನ ನಂಬರ್ ಇನ್ನೂ ಗ್ರೂಪಲ್ಲಿದೆ. ಡಿಪಿಲಿ ಒಂದು ಮಂಜು ಮುಚ್ಚಿದ ಗುಡ್ಡ.

ಅವತ್ತಿನಿಂದ ಫೋನು ದಿಂಬಿನ ಕೆಳಗೆ. ಟ್ರೆಕ್ ಮುಗಿಸಿ ಬಂದ ರಾತ್ರಿ ಎಲ್ಲರೂ "ಮನೆ ತಲುಪಿದೆ" ಅಂತ ಹಾಕೋವರೆಗೂ ಮಲಗ್ತಿರ್ಲಿಲ್ಲ ಅಂತ ಹೆಂಡ್ತಿ ಮೊದಲೇ ಹೇಳಿದ್ರು, ನಾನು ಅದನ್ನ ಒಳ್ಳೇ ಸ್ವಭಾವ ಅಂತ ನೋಟ್ಸ್‌ನಲ್ಲಿ ಬರ್ಕೊಂಡು ಮುಂದೆ ಹೋಗಿದ್ದೆ. ನಿದ್ದೆ ಕೆಟ್ಟಿದ್ದು ಗ್ರೂಪ್ ಮುಚ್ಚೋ ಯೋಚನೆ ಬಂದ್ಮೇಲೆ ಅಲ್ಲ, ಅದಕ್ಕೂ ಮೂರು ವರ್ಷ ಮುಂಚೆ.

ಮುಂದಿನ ವಾರ ಅವರು ಒಂದು ಡೈರಿ ತಂದ್ರು. ಆ ರಾತ್ರಿಯ ಪುಟ. ಆಸ್ಪತ್ರೆ ಹೆಸರು, ಟೈಮು, ಅದರ ಮೇಲೊಂದು ಗೀಟು. ಎಷ್ಟು ಕಾಲ್ ಮಾಡಿದ್ರಿ ಅಂದೆ, ಗೊತ್ತಿಲ್ಲ ಅಂದ್ರು. ಎಣಿಸಿ ಅಂದೆ. ಬೆರಳಿಟ್ಟು ಎಣಿಸಿದ್ರು, ರಾತ್ರಿ 9:40ರಿಂದ ಬೆಳಗಿನ ಜಾವ 4:10ರ ತನಕ 31. ಮೂವತ್ತು ಅಂತ ಹೇಳಿ ಇನ್ನೊಂದು ಸಲ ಮೊದಲಿಂದ ಎಣಿಸಿದ್ರು, 31 ಅಂದ್ರು.

ಆಮೇಲೆ ಒಂದು ಹಳೇ ವಿಧಾನ ಮಾಡಿಸ್ದೆ. ಹಾಳೆ ಮೇಲೆ ಹೋಳಿಗೆ ತರ ಒಂದು ವೃತ್ತ, ಅವನ ಸಾವಿಗೆ ಏನೇನು ಕಾರಣವೋ ಒಂದೊಂದಕ್ಕೂ ಒಂದು ತುಂಡು. ಶುರುವಲ್ಲೇ ಅವರು ಮುಕ್ಕಾಲು ಭಾಗಕ್ಕೆ ನಾನು ಅಂತ ಬರೆಯೋಕೆ ಹೋದ್ರು. ಇದರಲ್ಲಿ ರೂಲ್ಸ್ ಒಂದೇ, ನಿಮ್ಮ ಹೆಸರು ಕೊನೇಗೆ. ರೋಗ, ಬೆಡ್ ಇಲ್ಲದಿದ್ದಿದ್ದು, ಆಕ್ಸಿಜನ್ ಕೊರತೆ, ಅವನು ಐದು ದಿನ ಜ್ವರ ಅಂತ ಮನೇಲೇ ಇದ್ದಿದ್ದು, ಟೆಸ್ಟ್ ರಿಪೋರ್ಟ್ ತಡ ಆಗಿದ್ದು. ಎಲ್ಲ ಹಾಕಿ ಮುಗಿಸಿದಾಗ ಅವರಿಗೆ ಉಳಿದಿದ್ದು ಪೆನ್ನಿನ ಗೆರೆಯಷ್ಟು ಜಾಗ. ಅದನ್ನೂ ಬಿಡಲಿಲ್ಲ, ಅದರೊಳಗೆ ಸಣ್ಣದಾಗಿ "ಇನ್ನೂ ಬೇಗ ಶುರು ಮಾಡಬಹುದಿತ್ತು" ಅಂತ ಬರೆದ್ರು. ನಾನೂ ಅಳಿಸಿ ಅನ್ನಲಿಲ್ಲ. ಪಶ್ಚಾತ್ತಾಪ ಪೂರ್ತಿ ಹೋಗ್ಬೇಕು ಅಂತ ನಾವು ಆಪ್ತಸಲಹೆಯೋರು ಹಟ ಹಿಡಿಯೋದು ನನಗೆ ಯಾಕೋ ಸರಿ ಕಾಣಲ್ಲ, ಅದು ತನ್ನ ಅಳತೆಗೆ ಬಂದ್ರೆ ಸಾಕು.

ಇಷ್ಟಾದ್ಮೇಲೆ ಮುಚ್ಚೋ ಕೆಲಸ ನಿಜವಾಗ್ಲೂ ಬರೀ ಕೆಲಸ ಆಯ್ತು. ಇದೇ ಪರಿಸ್ಥಿತೀಲಿರೋ ಬೇರೆಯೋರಿಗೂ ಬೇಕಾಗಬಹುದು ಅಂತ ನಾನು ಹೇಳಿದ್ದನ್ನ ಬರೀತೀನಿ. ಮೊದಲು ದುಡ್ಡು. ಘೋಷಣೆ ಮಾಡೋಕೆ ಮುಂಚೆ ಲೆಕ್ಕ ಮುಗೀಬೇಕು, ಇಲ್ಲಾಂದ್ರೆ ಹದಿನೆಂಟು ವರ್ಷದ ಸ್ನೇಹ ಎಲ್ಲ ಕೊನೇ ವಾರದಲ್ಲಿ ಮುನ್ನೂರು ರೂಪಾಯಿ ಬಾಕಿ ಜಗಳ ಆಗೋಗತ್ತೆ. ಇವರ ಹತ್ರ ಉಳಿದಿದ್ದು 11,460 ರೂಪಾಯಿ, ಲೆಕ್ಕ ಬರೆದು ಫೋಟೋ ಹಾಕಿದ್ರು, ಹಗ್ಗ, ಫಸ್ಟ್ ಏಯ್ಡ್ ಡಬ್ಬ, ಎರಡು ಟೆಂಟು ಜೊತೆಗೆ ಆ ದುಡ್ಡನ್ನೂ ಒಂದು ಸರ್ಕಾರಿ ಶಾಲೆ ಸ್ಕೌಟ್ ಮಕ್ಕಳಿಗೆ ಕೊಟ್ರು. ಎರಡನೇದು ಜನರ ಕಾಗದಪತ್ರ. ಪರ್ಮಿಟ್‌ಗೆ ಅಂತ ಇಸ್ಕೊಂಡಿದ್ದ ಆಧಾರ್ ಫೋಟೋಗಳು ನೂರಾರು ಇವರ ಲ್ಯಾಪ್‌ಟಾಪಲ್ಲಿದ್ವು, ಎಲ್ಲ ಅಳಿಸಿ ಅಂದೆ, ಅಳಿಸ್ದೆ ಅಂತ ಗ್ರೂಪಲ್ಲೂ ಹೇಳಿ ಅಂದೆ. ಫೋಟೋಗಳು ಬೇಕಾದೋರು ತಗೊಳ್ಳೋಕೆ ಒಂದು ತಿಂಗಳು ಟೈಮ್ ಕೊಡಿ, ಆರ್ಕುಟ್ ಮುಚ್ಚಿದ್ಮೇಲೆ 2016ರ ತನಕ ಡೌನ್‌ಲೋಡ್ ಮಾಡೋಕೆ ಅವಕಾಶ ಇತ್ತು, ಇವರು ನಾಳೆ ನಾಡಿದ್ದು ಅಂತ ಕಳ್ಕೊಂಡಿದ್ರು, ಆ ನೋವು ಇನ್ನೂ ಇತ್ತು.

ಮತ್ತೆ ಮುಖ್ಯವಾಗಿ, ಅಳಿಸೋದೇ ಬೇಡ ಅಂದೆ. ಅಡ್ಮಿನ್ ಮಾತ್ರ ಮೆಸೇಜ್ ಮಾಡೋ ಹಾಗೆ ಸೆಟ್ಟಿಂಗ್ ಮಾಡಿ ಬಿಟ್ಬಿಡಿ, ಯಾರನ್ನೂ ತೆಗೀಬೇಡಿ, ಇರೋರು ಇರ್ಲಿ, ಹೋಗೋರು ಅವರಾಗೇ ಹೋಗ್ಲಿ. ಆ ಹುಡುಗನ ಹೆಸರೂ ಅಲ್ಲೇ ಇರತ್ತೆ. ಮೆಸೇಜ್‌ಗಳನ್ನ ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಇಟ್ಕೊಂಡ್ರು. ಅವನ ಅಮ್ಮನಿಗೆ ಅವನು ತೆಗೆದ ಫೋಟೋಗಳನ್ನ ಪ್ರಿಂಟ್ ಹಾಕ್ಸಿ ಕೊಟ್ಟು ಬಂದ್ರು, ಅದು ನನ್ನ ಸಲಹೆ ಅಲ್ಲ, ಮೇಷ್ಟ್ರ ಹೆಂಡ್ತೀದು. ಇಬ್ಬರೂ ಹೋಗಿ ಮಧ್ಯಾಹ್ನ ಊಟ ಮಾಡ್ಕೊಂಡು ಬಂದ್ರಂತೆ, ಏನು ಮಾತಾಡಿದ್ರು ಅಂತ ನಾನು ಕೇಳಿಲ್ಲ.

ಒಂದು ಭಾನುವಾರ ಸಂಜೆ ಕೊನೇ ಮೆಸೇಜ್ ಹಾಕಿದ್ರು. ಮೂರು ದಿನ ಎಲ್ಲರೂ ಬರೀಲಿ ಅಂತ ತೆರೆದಿಟ್ಟು ಆಮೇಲೆ ಲಾಕ್ ಮಾಡೋ ಪ್ಲಾನು. ಇಲ್ಲಿ ನನ್ನ ಎರಡನೇ ತಪ್ಪು. ಮೆಸೇಜ್‌ಗಳು ರಾಶಿ ಬೀಳತ್ತೆ, ಜನ ಅಳ್ತಾರೆ, ಬೇಡ ಅಂತ ಹಟ ಮಾಡ್ತಾರೆ, ಅದಕ್ಕೆಲ್ಲ ಏನು ಉತ್ತರ ಕೊಡ್ಬೇಕು ಅಂತ ಒಂದಿಡೀ ಸೆಷನ್ ಪ್ರಾಕ್ಟೀಸ್ ಮಾಡಿಸಿದ್ದೆ. 240 ಜನರ ಗ್ರೂಪಲ್ಲಿ ಬಂದಿದ್ದು 23 ಥಂಬ್ಸ್‌ಅಪ್, ಆರೇಳು ಜನ ಉದ್ದುದ್ದ ಬರೆದಿದ್ರು, ಒಬ್ಬರು ಬರ್ತ್‌ಡೇ ಕೇಕಿನ ಸ್ಟಿಕರ್ ಹಾಕಿದ್ರು. ಇನ್ನೊಬ್ಬ ಮೆಸೇಜ್ ಓದ್ದೇನೇ ಕೇಳಿದ್ದ, "ಸರ್ ನೆಕ್ಸ್ಟ್ ಟ್ರೆಕ್ ಯಾವಾಗ?"

ಆ ವಾರ ಮೇಷ್ಟ್ರು ಬಂದಾಗ ಮುಖ ಬಾಡಿತ್ತು. "ಇಷ್ಟೇನಾ ಮೇಡಂ?" ಸಮಾಧಾನ ಮಾಡೋಕೆ ಬಾಯಿ ತೆಗೆದೋಳು ಸುಮ್ನಾದೆ, ಇಷ್ಟೇ ಸರ್ ಅಂದೆ, ಬೇಜಾರಾಗತ್ತೆ ಅಂದೆ. ತುಂಬಾ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಆ ಆರೇಳು ಉದ್ದ ಮೆಸೇಜ್‌ಗಳನ್ನ ಜೋರಾಗಿ ಓದಿ ಹೇಳಿದ್ರು. ಒಬ್ಬಾಕೆ ಬರೆದಿದ್ರು, ಗಂಡ ತೀರ್ಕೊಂಡ ವರ್ಷ ನೀವು ನನ್ನನ್ನ ಕುದುರೆಮುಖಕ್ಕೆ ಕರ್ಕೊಂಡು ಹೋದ್ರಿ, ದಾರಿಯುದ್ದಕ್ಕೂ ಒಂದು ಮಾತೂ ಆಡಿಸ್ದೆ ಪಕ್ಕದಲ್ಲಿ ನಡೆದ್ರಿ ಅಂತ. ಮೇಷ್ಟ್ರಿಗೆ ಅದು ನೆನಪೇ ಇರ್ಲಿಲ್ಲ. ಯಾವ ಬ್ಯಾಚು ಅಂತ ಮನೇಗೆ ಹೋಗಿ ಹಳೇ ಲಿಸ್ಟ್ ಹುಡುಕ್ತೀನಿ ಅಂದ್ರು.

ಒಟ್ಟು ಒಂಬತ್ತು ಸೆಷನ್, ನಾಲ್ಕು ತಿಂಗಳು. ಕೊನೇ ಸಲ ಪಿಎಚ್‌ಕ್ಯೂ-9ರಲ್ಲಿ 4 ಬಂತು. ಫೋನು ಈಗ ಹಾಲಲ್ಲಿ ಚಾರ್ಜ್‌ಗೆ ಹಾಕಿ ಮಲಗ್ತಾರೆ, ವಾರದಲ್ಲಿ ಒಂದೆರಡು ದಿನ ಇನ್ನೂ ಎರಡು ಗಂಟೆಗೆ ಎಚ್ಚರ ಆಗತ್ತೆ, ಎದ್ದು ನೀರು ಕುಡಿದು ಮಲಗಿದ್ರೆ ನಿದ್ದೆ ಬರತ್ತೆ ಅಂದ್ರು. ಮಂಡಿಗೆ ಫಿಸಿಯೋಥೆರಪಿ ಶುರು ಮಾಡಿದಾರೆ. ನೆಕ್ಸ್ಟ್ ಟ್ರೆಕ್ ಕೇಳಿದ್ನಲ್ಲ ಆ ಹುಡುಗ, ಅವನಿಗೆ ಪರ್ಸನಲ್ಲಾಗಿ ಉತ್ತರ ಕೊಟ್ರಂತೆ, ನೀನೇ ಪ್ಲಾನ್ ಮಾಡಪ್ಪಾ, ಮೆಟ್ಟಿಲು ಕಮ್ಮಿ ಇರೋ ಜಾಗ ನೋಡು, ನಾನು ಬರ್ತೀನಿ ಅಂತ. ಅವನು ಇನ್ನೂ ನೋಡಿಲ್ಲ, ಒಂದೇ ಟಿಕ್ ಇದೆ. ಮೂರು ತಿಂಗಳಿಗೆ ಫಾಲೋಅಪ್ ಕೊಟ್ಟಿದೀನಿ.