ಕಾರ್ ಡೀಟೇಲಿಂಗ್ (ಕಾರನ್ನು ಒಳಗೂ ಹೊರಗೂ ಪೂರ್ತಿ ಚೊಕ್ಕಟ ಮಾಡಿ ಹೊಳಪು ಕೊಡೋ) ಕೆಲಸ ಬೇಗ ಮುಗಿಸೋಕೆ ದೊಡ್ಡ ಪಾಲಿಷ್ ಮಷಿನ್ ತಗೊಳ್ಳಲಾ, ಇಲ್ಲಾ ಒಬ್ಬ ಹುಡುಗನ್ನ ಇಟ್ಕೊಳ್ಳಲಾ?

ಎರಡೂ ಬೇಡ. ಸದ್ಯಕ್ಕಂತೂ ಬೇಡ.

ಬೆಳಿಗ್ಗೆ ಶುರು ಮಾಡಿದ ಕಾರು ಕತ್ತಲಾದರೂ ಮುಗಿಯುವುದಿಲ್ಲ, ಹೊತ್ತು ಎಲ್ಲಿ ಹೋಯಿತು ಅಂತಾನೇ ಗೊತ್ತಾಗುವುದಿಲ್ಲ ಅಂದಿದ್ದೀರಲ್ಲ, ನಾನೂ ಅಲ್ಲೇ ಇದ್ದವನು. ನನ್ನ ಲೆಕ್ಕವೂ ಇದೇ ಇತ್ತು. ಕೈ ನಿಧಾನ, ಮಷಿನ್ ಚಿಕ್ಕದು, ಜನ ಕಡಿಮೆ. ಆಗ ನನ್ನ ಹತ್ತಿರ ದೊಡ್ಡ ಮಷಿನ್‌ಗೂ ದುಡ್ಡಿರಲಿಲ್ಲ, ಹುಡುಗನಿಗೆ ಕೊಡೋಕೂ ಇರಲಿಲ್ಲ. ಹಾಗಾಗಿ ಇರೋದರಲ್ಲೇ ಹೊತ್ತು ಉಳಿಸೋಣ ಅಂತ ಹೊರಟೆ. ಉಳಿಸಿದ ಜಾಗ ತಪ್ಪಾಯಿತು.

ಇಡೀ ಕೆಲಸದಲ್ಲಿ ಜಾಸ್ತಿ ಹೊತ್ತು ತಿನ್ನೋದು ಪಾಲಿಷ್, ಅಲ್ವಾ? ಅದರಲ್ಲಿ ಏನು ಬಿಡಬಹುದು ಅಂತ ನೋಡಿದೆ. ಬಾನೆಟ್ ಮೇಲೆ ಒಂದೊಂದೂವರೆ ಅಡಿ ಚೌಕ ಹಿಡಿದು ಪಾಲಿಷ್ ಮಾಡುತ್ತೇವೆ. ಆಮೇಲೆ ಮಷಿನ್ ನಿಲ್ಲಿಸಿ, ಅದರ ಫೋಮ್ ಪ್ಯಾಡ್‌ಗೆ ಬ್ರಷ್ ಹಾಕಿ, ಉಳಿದ ಕಾಂಪೌಂಡ್ (ಗೀರು ಸವೆಸುವ ಪೇಸ್ಟ್) ಒರೆಸಿ, ಲೈಟ್ ಹಿಡಿದು ನೋಡಿ, ಆಮೇಲೆ ಪಕ್ಕದ ಚೌಕ. ಈ ನಿಲ್ಲಿಸುವುದು, ಒರೆಸುವುದು, ನೋಡುವುದು ಎಲ್ಲ ನನಗೆ ದಂಡ ಅನ್ನಿಸಿತು. ಮಷಿನ್ ಓಡುತ್ತಿಲ್ಲ ಅಂದರೆ ಕೆಲಸ ಆಗುತ್ತಿಲ್ಲ ಅಂತ ನನ್ನ ಲೆಕ್ಕ. ಅದನ್ನೆಲ್ಲ ಕಿತ್ತು ಹಾಕಿದೆ. ಅದೇ ಪ್ಯಾಡ್, ಮೇಲೆ ಮೇಲೆ ಕಾಂಪೌಂಡ್, ಬಾನೆಟ್ ಒಂದೇ ಉಸಿರಿಗೆ. ಕೊನೆಗೆ ಇಡೀ ಕಾರನ್ನು ಒಂದೇ ಸಲ ಒರೆಸಿ, ಮೇಲೆ ವ್ಯಾಕ್ಸ್ ಬಳಿದು ಕೊಡುವುದು.

ಹೊತ್ತು ಉಳಿಯಿತು, ಸುಳ್ಳು ಹೇಳುವುದಿಲ್ಲ. ಬಿಳಿ ಕಾರು, ಸಿಲ್ವರ್ ಕಾರು ಬಂದಷ್ಟು ದಿನ ಎಲ್ಲ ಚೆನ್ನಾಗಿಯೇ ಇತ್ತು. ತಿಳಿ ಬಣ್ಣದ ಮೇಲೆ ಏನೂ ಕಾಣುವುದಿಲ್ಲವಲ್ಲ.

ಆಮೇಲೆ ಒಂದು ಕಪ್ಪು ಕಾರು ಬಂತು. ಶೆಡ್‌ನಿಂದ ಹೊರಡುವಾಗ ಮುಖ ನೋಡಿಕೊಳ್ಳಬಹುದು ಅನ್ನುವಂಥ ಹೊಳಪು. ಗಿರಾಕಿ ಖುಷಿಯಿಂದ ತಗೊಂಡು ಹೋದರು, ನಮ್ಮ ಆಫೀಸಿನ ಗಾಡಿಗಳನ್ನೂ ನಿಮಗೇ ಕಳಿಸುತ್ತೇನೆ ಅಂದರು. ಮನೆಯಲ್ಲಿ ಕೆಲವು ಸಲ ತೊಳೆದ ಮೇಲೆ ವಾಪಸ್ ತಂದು, ಏನೂ ಮಾತಾಡದೆ ಬಿಸಿಲಲ್ಲಿ ನಿಲ್ಲಿಸಿ, ಬಾನೆಟ್ ಕಡೆ ಕೈ ತೋರಿಸಿದರು. ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ಹೆಣೆದ ಹಾಗೆ ಗೀರುಗಳು. ಹಳೆಯವು ಎಲ್ಲವೂ ಇದ್ದವು. ಅದರ ಮೇಲೆ ನಾನು ಹೊಸದಾಗಿ ಕೊಟ್ಟ ಮಂಜು ಮಂಜಾದ ಪೊರೆ ಬೇರೆ. ಆಫೀಸಿನ ಗಾಡಿಗಳ ಮಾತು ಅಲ್ಲಿಗೇ ಮುಗಿಯಿತು.

ಏನಾಗಿತ್ತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಓದಿ, ಯಾಕೆಂದರೆ ಬೇಗ ಮಾಡಬೇಕು ಅಂತ ಹೊರಟವರು ಮೊದಲು ಕೈ ಹಾಕುವುದೇ ಇಲ್ಲಿಗೆ.

ಕಾಂಪೌಂಡ್ ಕೆಲಸ ಮಾಡುವಾಗ ಕ್ಲಿಯರ್ ಕೋಟ್‌ನ, ಅಂದರೆ ಬಣ್ಣದ ಮೇಲಿರುವ ಪಾರದರ್ಶಕ ಪದರದ, ಮೇಲ್ಭಾಗವನ್ನು ಸಣ್ಣಗೆ ಸವೆಸುತ್ತದೆ. ಆ ಸವೆದ ಪುಡಿ ಎಲ್ಲಿಗೆ ಹೋಗುತ್ತದೆ? ಪ್ಯಾಡ್ ಒಳಗೆ. ಬಳಸಿ ಮುಗಿದ ಕಾಂಪೌಂಡೂ ಅಲ್ಲೇ ಕೂರುತ್ತದೆ. ಬ್ರಷ್ ಹಾಕದೆ, ಗಾಳಿ ಹೊಡೆಯದೆ ಮುಂದೆ ಹೋದರೆ ಎರಡೂ ಸೇರಿ ಗಟ್ಟಿ ಆಗುತ್ತವೆ. ಪ್ಯಾಡ್ ಸವೆಸುವುದನ್ನು ಬಿಟ್ಟು ಉಜ್ಜೋಕೆ ಶುರು ಮಾಡುತ್ತದೆ. ಬಿಸಿ ಏರುತ್ತದೆ, ಫೋಮ್ ಮೆತ್ತಗಾಗುತ್ತದೆ, ಆ ಗಂಟುಗಳು ಬಣ್ಣದ ಮೇಲೆ ಹೊಸ ಗೀರು ಎಳೆಯುತ್ತವೆ. ನಾನೇನು ಮಾಡಿದೆ? ಗೀರು ಹೋಗುತ್ತಿಲ್ಲವಲ್ಲ ಅಂತ ಇನ್ನಷ್ಟು ಕಾಂಪೌಂಡ್ ಹಾಕಿದೆ. ಪ್ಯಾಡ್ ತೊಯ್ದು ತೊಪ್ಪೆಯಾಗಿ ಇನ್ನೂ ಜಾರಿತು. ಆಗ ಒಂದು ಸುತ್ತಿನ ಜಾಗದಲ್ಲಿ ಎರಡು ಸುತ್ತು ಹೊಡೆದೆ. ನಿಲ್ಲಿಸದೆ ಓಡಿಸಿದ್ದರಿಂದಲೇ ಜಾಸ್ತಿ ಓಡಿಸಬೇಕಾಯಿತು, ನೋಡಿ.

ಇದು ಅರ್ಧ. ಇನ್ನರ್ಧ ಎಣ್ಣೆ. ಎಷ್ಟೋ ಕಾಂಪೌಂಡ್, ಪಾಲಿಷ್‌ಗಳಲ್ಲಿ ಜಾರಲಿ ಅಂತ ಎಣ್ಣೆ ಅಂಶ ಇರುತ್ತದೆ. ಅದು ಸಣ್ಣ ಗೀರುಗಳ ಒಳಗೆ ಇಳಿದು ತುಂಬಿಕೊಳ್ಳುತ್ತದೆ. ಬಟ್ಟೆಯಲ್ಲಿ ಒರೆಸಿದರೂ ಒಳಗಿನದು ಹೋಗುವುದಿಲ್ಲ. ನೋಡೋಕೆ ಗೀರು ಮಾಯ. ನಿಜ ಕಾಣಬೇಕಾದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ನೀರು, ಇಲ್ಲವೇ ಅಂಗಡಿಯಲ್ಲಿ ಸಿಗುವ ಪ್ಯಾನೆಲ್ ವೈಪ್ ಹಾಕಿ ಒರೆಸಬೇಕು. ನಾನು ಅದನ್ನೇ ಬಿಟ್ಟಿದ್ದೆ. ಸಾಲದ್ದಕ್ಕೆ ಮೇಲೆ ವ್ಯಾಕ್ಸ್ ಬಳಿದು ಮುಚ್ಚಿದ್ದೆ. ಅವರ ಮನೆಯ ಶಾಂಪೂ ನೀರು ಅದೆಲ್ಲವನ್ನೂ ತೊಳೆದುಕೊಂಡು ಹೋಯಿತು.

ಮತ್ತೆ ಪುಕ್ಕಟೆ ಮಾಡಿಕೊಟ್ಟೆ, ಅದು ಬೇರೆ ಮಾತು. ಆದರೆ ಎರಡನೇ ಸಲ ಸವೆಸುವುದು ಅಂದರೆ ಸುಮ್ನೆ ಅಲ್ಲ. ಕಂಪನಿ ಬಣ್ಣ ಎಲ್ಲ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಅದರಲ್ಲಿ ಕ್ಲಿಯರ್ ಕೋಟ್ ಸುಮಾರು 40–50 ಮೈಕ್ರಾನ್. ನಮ್ಮ ತಲೆಕೂದಲಿಗಿಂತ ತೆಳು. ಬಿಸಿಲಿನಿಂದ ಬಣ್ಣವನ್ನು ಕಾಯುವ ಅಂಶ ಇರುವುದು ಅದರಲ್ಲೇ. ಹೋದದ್ದು ಮತ್ತೆ ಬರುವುದಿಲ್ಲ. ಬಣ್ಣದ ದಪ್ಪ ತೋರಿಸುವ ಮೀಟರ್ ಇಟ್ಟು ಅಳೆದುಕೊಂಡು, ಬಾಗಿಲಿನ ಅಂಚು, ಬಾನೆಟ್‌ನ ಏಣು ಬಂದಲ್ಲೆಲ್ಲ ಟೇಪ್ ಹಚ್ಚಿ, ಹೆದರಿ ಹೆದರಿ ಮಾಡಿದೆ. ಅಂಚುಗಳಲ್ಲಿ ಬಣ್ಣ ಇನ್ನೂ ತೆಳ್ಳಗಿರುತ್ತದೆ, ಅಲ್ಲಿ ತೂತಾದರೆ ಮತ್ತೆ ಪೇಂಟಿಂಗೇ ಗತಿ.

ಈಗ ಅಂಥದೇ ಕಾರಿನ ಮುಂದೆ ನಿಮ್ಮ ಕೈಯಲ್ಲಿ ದೊಡ್ಡ ಮಷಿನ್ ಇದೆ ಅಂದುಕೊಳ್ಳಿ. ಅದೇ ತಪ್ಪು ಇನ್ನೂ ಬೇಗ ಆಗುತ್ತದೆ, ಅಷ್ಟೆ. ಅಲ್ಲದೆ 21 ಮಿ.ಮೀ. ಸುತ್ತಿನ (ಪ್ಯಾಡ್ ಓಲಾಡುವ ಸುತ್ತಿನ ಅಗಲ ಅದು) ದೊಡ್ಡ ಮಷಿನ್ ಬಾನೆಟ್, ಟಾಪ್ ಮೇಲೆ ಚೆನ್ನಾಗಿ ಹೋಗುತ್ತದೆ, ಒಪ್ಪುತ್ತೇನೆ. ಬಂಪರ್, ಕನ್ನಡಿ, ಹಿಡಿಕೆ ಸುತ್ತ, ಬಾಗಿಲ ಕಂಬಗಳ ಮೇಲೆ ಅದು ಕೂರುವುದೇ ಇಲ್ಲ. ಕಾರಿನಲ್ಲಿ ಹೊತ್ತು ತಿನ್ನುವುದು ಆ ಜಾಗಗಳೇ. ನಿಮ್ಮ ಹತ್ತಿರ ಇರುವ 15 ಮಿ.ಮೀ. ಮಷಿನ್‌ನ ಬ್ಯಾಕಿಂಗ್ ಪ್ಲೇಟ್ (ಪ್ಯಾಡ್ ಅಂಟಿಸುವ ತಟ್ಟೆ) ಬದಿಯಲ್ಲಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ. ಓಡುವಾಗ ಆ ಗೆರೆ ತಿರುಗುವುದು ಕಾಣಬೇಕು. ಕಾಣದೆ ಪ್ಯಾಡ್ ಬರೀ ನಡುಗುತ್ತಿದ್ದರೆ ನೀವು ಜಾಸ್ತಿ ಒತ್ತುತ್ತಿದ್ದೀರಿ, ಇಲ್ಲಾ ಮಷಿನ್ ಓರೆಯಾಗಿದೆ. ಆಗ ಎಷ್ಟು ಹೊತ್ತು ಓಡಿಸಿದರೂ ಗೀರು ಹೋಗುವುದಿಲ್ಲ. ಮಷಿನ್‌ಗೆ ಶಕ್ತಿ ಸಾಲದು ಅಂತ ದೂರುವ ಎಷ್ಟೋ ಜನರ ಮಷಿನ್ ತಿರುಗುತ್ತಲೇ ಇರುವುದಿಲ್ಲ.

ಹಾಗಾದರೆ ಹೊತ್ತು ಎಲ್ಲಿ ಉಳಿಯುತ್ತದೆ? ನನ್ನ ಮಟ್ಟಿಗೆ, ಕಾರಿಗೆ ನೀರು ತಾಗುವ ಮೊದಲೇ.

ಗಿರಾಕಿ ಎದುರಿಗೇ ಕಾರನ್ನು ಒಂದು ಸುತ್ತು ಹಾಕಿ. ಇರುವ ಡೆಂಟ್, ಆಳದ ಗೀರು, ಒಡೆದ ಕ್ಲಿಪ್ ಎಲ್ಲದರ ಫೋಟೋ ತೆಗೆಯಿರಿ. ಉಗುರು ಎಳೆದರೆ ಸಿಕ್ಕಿಕೊಳ್ಳುವ ಗೀರು ಪಾಲಿಷ್‌ನಿಂದ ಹೋಗುವುದಿಲ್ಲ ಅಂತ ಆಗಲೇ ಹೇಳಿಬಿಡಿ. ದರವನ್ನೂ ಕಾರಿನ ಗಾತ್ರ ನೋಡಿ ಹೇಳಬೇಡಿ, ಸ್ಥಿತಿ ನೋಡಿ ಹೇಳಿ. ಕಾರ್ಪೆಟ್‌ನಲ್ಲಿ ನಾಯಿ ಕೂದಲೂ ಮರಳೂ ಸೇರಿಕೊಂಡ ಚಿಕ್ಕ ಕಾರು, ಚೊಕ್ಕಟವಾಗಿಟ್ಟುಕೊಂಡ ದೊಡ್ಡ ಗಾಡಿಗಿಂತ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಈ ಮಾತು ಮೊದಲೇ ಆಡದಿದ್ದರೆ ಮಧ್ಯಾಹ್ನ ನೀವು ಒಳಗೆ ಬಗ್ಗಿ ಬೈದುಕೊಳ್ಳುತ್ತಾ ಕೂದಲು ಕೀಳುತ್ತಿರುತ್ತೀರಿ.

ತೊಳೆದಾದ ಮೇಲೆ ಟೆಸ್ಟ್ ಸ್ಪಾಟ್. ಒಂದು ಚೌಕ ಗುರುತು ಮಾಡಿ, ಮೊದಲು ಮೆತ್ತನೆ ಪ್ಯಾಡ್, ಹಗುರ ಪಾಲಿಷ್ ಹಾಕಿ ನೋಡಿ. ಆಲ್ಕೋಹಾಲ್‌ನಿಂದ ಒರೆಸಿ, ಲೈಟ್ ಹಿಡಿಯಿರಿ. ಸಾಕು ಅನ್ನಿಸಿದರೆ ಇಡೀ ಕಾರಿಗೆ ಅದೇ. ಸಾಲದಿದ್ದರೆ ಒಂದು ಮೆಟ್ಟಿಲು ಮೇಲೆ ಹೋಗಿ. ದಿನಾ ಓಡಾಡುವ ಕಾರುಗಳಲ್ಲಿ ಬಹಳಷ್ಟಕ್ಕೆ ಒಂದೇ ಸುತ್ತು ಸಾಕಾಗುತ್ತದೆ ಅನ್ನೋದು ನನ್ನ ಅನುಭವ. ಗಿರಾಕಿಗೆ ಬೇಕಿರುವುದು ಹೊಳಪು. ಒಂದು ಗೀರೂ ಉಳಿಯಬಾರದು ಅನ್ನುವ ಹಟ ನಮ್ಮದು. ಆ ಹಟಕ್ಕೆ ಅವರು ದುಡ್ಡು ಕೊಡುವುದಿಲ್ಲ, ಅದರ ಬೆಲೆ ತೆರುವುದು ಅವರ ಕ್ಲಿಯರ್ ಕೋಟ್. ಇದನ್ನು ಒಪ್ಪದವರು ಇದ್ದಾರೆ, ಇರಲಿ.

ಇನ್ನು ಯಾವುದರ ಹಿಂದೆ ಯಾವುದು ಅನ್ನುವುದು. ಒಣಗಬೇಕಾದದ್ದು, ನೆನೆಯಬೇಕಾದದ್ದು ಮೊದಲು ಶುರುವಾಗಬೇಕು. ನಾನು ಎಲ್ಲಕ್ಕಿಂತ ಮೊದಲು ಮ್ಯಾಟ್ ತೆಗೆದು, ತೊಳೆದು, ನೇತು ಹಾಕುತ್ತೇನೆ. ಸೀಟಿಗೆ ಶಾಂಪೂ ಹಾಕುವುದಿದ್ದರೆ ಅದೂ ಬೆಳಿಗ್ಗೆಯೇ, ಆದರೆ ವ್ಯಾಕ್ಯೂಮ್ ಆದ ಮೇಲೆ. ಒದ್ದೆಯಾದ ಧೂಳು ಕೆಸರು, ಅದನ್ನು ಮಾಮೂಲಿ ವ್ಯಾಕ್ಯೂಮ್ ಸರಿಯಾಗಿ ಎಳೆಯುವುದಿಲ್ಲ. ಅದಕ್ಕೂ ಮೊದಲು ಎಸಿ ವೆಂಟ್, ಸೀಟಿನ ಸಂದಿಗಳಿಗೆ ಗಾಳಿ ಹೊಡೆದು ಧೂಳು ಕೆಳಗೆ ಬೀಳಿಸಬೇಕು. ಹೊರಗೆ ಮೊದಲು ಚಕ್ರ. ಬಾಡಿ ತೊಳೆದು ಆಮೇಲೆ ಚಕ್ರ ಉಜ್ಜಿದರೆ ಬ್ರೇಕ್ ಧೂಳು ಮತ್ತೆ ಬಾಗಿಲಿಗೆ ಚಿಮ್ಮುತ್ತದೆ, ಬಾಗಿಲು ಎರಡು ಸಲ ತೊಳೆಯಬೇಕು. ಐರನ್ ರಿಮೂವರ್ ಹೊಡೆದರೆ ಅದು ಕಬ್ಬಿಣದ ಕಣಗಳನ್ನು ಹಿಡಿದು ನೇರಳೆ ಬಣ್ಣಕ್ಕೆ ತಿರುಗೋಕೆ ಕೆಲವು ನಿಮಿಷ ಬೇಕು. ಆ ಹೊತ್ತಲ್ಲಿ ಕೈಕಟ್ಟಿ ನಿಲ್ಲಬೇಡಿ, ಪಕ್ಕದ ಚಕ್ರದ ಟೈರ್ ಉಜ್ಜಿ. ಒಣಗೋಕೆ ಮಾತ್ರ ಬಿಡಬಾರದು, ತೊಳೆಯೋಕೆ ಹೊಡೆಯುವ ಶಾಂಪೂ ನೊರೆ ಕೂಡ ಹಾಗೇ. ಗಾಜು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ಡ್ಯಾಶ್‌ಬೋರ್ಡ್‌ಗೆ ಹೊಡೆದ ಸ್ಪ್ರೇ ಗಾಜಿಗೂ ಹಾರಿರುತ್ತದೆ.

ಪಾಲಿಷ್‌ಗೆ ಮುಂಚೆ ಕಪ್ಪು ಪ್ಲಾಸ್ಟಿಕ್ ಬೀಡಿಂಗ್‌ಗಳಿಗೆಲ್ಲ ಟೇಪ್ ಹಚ್ಚಿ. ಟೇಪ್ ಹಚ್ಚುವುದು ಬೇಜಾರಿನ ಕೆಲಸ ನಿಜ. ಆ ಒರಟು ಪ್ಲಾಸ್ಟಿಕ್ ಒಳಗೆ ಬಿಳಿ ಕಾಂಪೌಂಡ್ ಕೂತರೆ ಟೂತ್‌ಬ್ರಷ್ ಹಿಡಿದು ಕೂರುವುದು ಅದಕ್ಕಿಂತ ಬೇಜಾರು.

ಬಟ್ಟೆಗಳ ವಿಷಯದಲ್ಲಿ ಕಂಜೂಸ್ ಆಗಬೇಡಿ. ಮೈಕ್ರೋಫೈಬರ್ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖ ಕೊಳೆಯಾದರೆ ತಿರುವಿ. ಚಕ್ರಕ್ಕೆ ಒಂದು ಬಣ್ಣ, ಬಾಡಿಗೆ ಒಂದು, ಗಾಜಿಗೆ ಒಂದು. ಚಕ್ರದ ಬಟ್ಟೆ ಎಷ್ಟೇ ಚೆನ್ನಾಗಿ ಒಗೆದರೂ ಬಾಡಿಗೆ ವಾಪಸ್ ಬರಕೂಡದು. ಒಗೆಯುವಾಗ ಹತ್ತಿ ಬಟ್ಟೆ ಜೊತೆ ಹಾಕಬೇಡಿ, ಫ್ಯಾಬ್ರಿಕ್ ಸಾಫ್ಟನರ್ ಬೇಡ, ಜಾಸ್ತಿ ಬಿಸಿಯಲ್ಲಿ ಒಣಗಿಸಬೇಡಿ. ಕೆಲಸಕ್ಕೆ ಬೇಕಾದ ಬಟ್ಟೆ, ಬಾಟಲಿ, ಬ್ರಷ್ ಎಲ್ಲ ಚಕ್ರ ಇರುವ ಒಂದು ಟ್ರಾಲಿಯಲ್ಲಿ ಇಟ್ಟು ಕಾರಿನ ಸುತ್ತ ಜೊತೆಯಲ್ಲೇ ತಳ್ಳಿಕೊಂಡು ಹೋಗಿ. ಮೊದಲು ನಾನು ಪ್ರತಿ ಬಾಟಲಿಗೂ ಗೋಡೆ ಪಕ್ಕದ ಕಪಾಟಿಗೆ ನಡೆದು ಹೋಗುತ್ತಿದ್ದೆ. ಅದು ಕೆಲಸ ಅಂತಲೇ ಅಂದುಕೊಂಡಿದ್ದೆ.

ಹುಡುಗನ ಮಾತು. ನಿಮಗೇ ಯಾವುದರ ಹಿಂದೆ ಯಾವುದು ಅಂತ ಗಟ್ಟಿಯಾಗದೆ ಹುಡುಗ ಬಂದರೆ, ಅವನು ಪಕ್ಕದಲ್ಲಿ ನಿಂತು ಅಣ್ಣಾ ಈಗ ಏನು ಮಾಡಲಿ ಅಂತ ಕೇಳುತ್ತಿರುತ್ತಾನೆ. ನೀವು ಎರಡು ಕೆಲಸ ಮಾಡುತ್ತೀರಿ. ಕ್ರಮ ಕೂತ ಮೇಲೆ ಖಂಡಿತ ಇಟ್ಟುಕೊಳ್ಳಿ. ಮೊದಲು ಮ್ಯಾಟ್, ಚಕ್ರ, ವ್ಯಾಕ್ಯೂಮ್ ಅವನಿಗೆ ಕೊಡಿ. ಕಪ್ಪು ಕಾರಿನ ಪಾಲಿಷ್ ಕೊಡೋಕೆ ಅವಸರ ಬೇಡ.

ಸದ್ಯಕ್ಕೆ ಒಂದು ಮಾಡಿ. ಮುಂದಿನ ಕಾರಿಗೆ ಫೋನ್ ಪಕ್ಕದಲ್ಲಿಟ್ಟುಕೊಂಡು, ಒಂದೊಂದು ಕೆಲಸ ಶುರುವಾದಾಗಲೂ ಮುಗಿದಾಗಲೂ ಟೈಮ್ ಬರೆದಿಡಿ. ಹುಡುಕಾಟ, ಓಡಾಟ, ಎರಡನೇ ಸಲ ಮಾಡಿದ್ದು, ಇವನ್ನು ಬೇರೆ ಬರೆಯಿರಿ. ಕಾಮೆಂಟ್‌ನಲ್ಲಿ ಹಾಕಿದರೆ ನಾನೂ ನೋಡುತ್ತೇನೆ. ಜೊತೆಗೆ ನಿಮ್ಮ ಹತ್ತಿರ ಪ್ಯಾಡ್ ಎಷ್ಟಿವೆ ಅಂತಲೂ ಹೇಳಿ. ಒಂದು ಕಾರಿಗೆ ಎರಡು ಮೂರು ಪ್ಯಾಡ್‌ನಲ್ಲಿ ಸುಧಾರಿಸುತ್ತಿದ್ದರೆ, ಮಷಿನ್‌ಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಮೊದಲು ಪ್ಯಾಡ್ ತಗೊಳ್ಳಿ. ಐದು ಇಂಚಿನವು ಜಾಸ್ತಿ, ಮೂರು ಇಂಚಿನವು ಕೆಲವು. ಬಿಸಿಯಾದದ್ದನ್ನು ತೆಗೆದು ಪಕ್ಕಕ್ಕಿಟ್ಟು, ತಣ್ಣಗಿರುವುದನ್ನು ಹಾಕಿಕೊಂಡು ಮುಂದಿನ ಬಾಗಿಲಿಗೆ ಹೋಗಬಹುದು.